ಅಪ್ಪನ ಕೆಮ್ಮು, ಚಿಕ್ಕಪ್ಪನ ಮಾತ್ರೆ

ಬಲ ಶ್ವಾಸಕೋಶದ ಒಂದು ಭಾಗ ತೆಗೆಸಿಕೊಂಡು ಅಪ್ಪ ಮುಲುಂಡಿನ ನಮ್ಮ ಮನೆಗೆ ಬಂದು ಒಂಬತ್ತು ದಿನ. ಎದೆಗೆ ದಿಂಬು ಒತ್ತಿ ಹಿಡಿದು ಕೆಮ್ಮುವಾಗ ಅವರ ಮುಖ ನೋಡಲಾಗುವುದಿಲ್ಲ. ಆದರೂ ಕೆಮ್ಮಲೇಬೇಕು. ನೋವಿಗೆ ಹೆದರಿ ಅರೆಬರೆ ಉಸಿರಾಡಿದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು.

ಮೊನ್ನೆ ಹುಬ್ಬಳ್ಳಿಯಿಂದ ಬಂದ ಚಿಕ್ಕಪ್ಪ, ಮಂಡಿನೋವಿಗೆ ತಾವು ನುಂಗುವ ಡೈಕ್ಲೋಫಿನಾಕ್ ತೆಗೆದರು. "ತಗೋ ಅಣ್ಣಾ, ಅರ್ಧ ತಾಸಿನ್ಯಾಗ ಆರಾಮ." ನಾನು ಬೇಡವೆಂದೆ, ಅವರಿಗೆ ಬೇಸರವಾಯಿತು.

ಆ ಮಾತ್ರೆ ಕೆಟ್ಟದ್ದೆಂದಲ್ಲ. ಆಸ್ಪತ್ರೆಯಲ್ಲಿ ಮೊದಲ ಮೂರು ದಿನ ಅದೇ ಜಾತಿಯ ಔಷಧ ಅಪ್ಪನಿಗೂ ಕೊಟ್ಟಿದ್ದರು. ಅದಿದ್ದರೆ ಮಾರ್ಫಿನ್‌ನಂಥ ಬಲವಾದ ನೋವಿನ ಔಷಧ ಕಡಿಮೆ ಸಾಕಾಗುತ್ತದೆ. ಆದರೆ ಅಲ್ಲಿ ಕಿಡ್ನಿ ಹೇಗಿದೆಯೆಂದು ತಿಳಿಯಲು ದಿನಾ ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಿದ್ದರು. ಅಪ್ಪನಿಗೆ 71 ವರ್ಷ. ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ. ಇವೆರಡರ ಮೇಲೆ ಡೈಕ್ಲೋಫಿನಾಕ್ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಹೊಟ್ಟೆಹುಣ್ಣು, ರಕ್ತಸ್ರಾವದ ಭಯ ಬೇರೆ.

ಸರ್ಜನ್‌ಗೆ ಫೋನ್ ಮಾಡಿದೆ. ಅಪ್ಪನಿಗೆ ಪ್ಯಾರಾಸಿಟಮಾಲ್ 650, ಆರು ತಾಸಿಗೊಮ್ಮೆ, ತಪ್ಪಿಸದೆ. ಸಾಲದಿದ್ದರೆ ಕರೆತನ್ನಿ ಎಂದರು. ಕಾಲನಿರ್ಣಯ ಕ್ಯಾಲೆಂಡರಿನ ಮೇಲೆ ಹೊತ್ತು ಬರೆದಿಡುತ್ತಿದ್ದೇನೆ. ನಿನ್ನೆ ಸಂಜೆ ಅಪ್ಪ, ಉಸಿರೆಳೆದು ಚೆಂಡು ಮೇಲೇರಿಸುವ ಸ್ಪೈರೋಮೀಟರಿನ ಎರಡನೇ ಚೆಂಡು ಎತ್ತಿದರು.