ತೋಟದ ಲೆಕ್ಕದ ಆ್ಯಪ್: ಸಿಂಕ್ ಎಲ್ಲಿಗೆ ಬಂತು

ಅಡಿಕೆ ಕೊಯ್ಲಿನ ಲೆಕ್ಕ ಬರೆಯಲು ಮಾಡುತ್ತಿರುವ ವೆಬ್ ಆ್ಯಪ್‌ನಲ್ಲಿ ಈ ಸಲ ಪೂರ್ತಿ ಸಿಂಕ್ ಕೆಲಸ, ಅಂದರೆ ಎಲ್ಲ ಫೋನುಗಳಲ್ಲೂ ಸರ್ವರ್‌ನಲ್ಲೂ ಲೆಕ್ಕ ಒಂದೇ ಇರುವಂತೆ ಮಾಡುವುದು. ತೋಟದೊಳಗೆ ನೆಟ್‌ವರ್ಕ್ ಇಲ್ಲ. ಬರೆದದ್ದೆಲ್ಲ ಮೊದಲು ಫೋನಿನ ಇಂಡೆಕ್ಸೆಡ್‌ಡಿಬಿಯಲ್ಲಿ (ಬ್ರೌಸರ್ ಒಳಗಿನ ಡೇಟಾಬೇಸ್) ಉಳಿಯುತ್ತದೆ, ಸಿಗ್ನಲ್ ಸಿಕ್ಕಾಗ ಸರ್ವರ್‌ಗೆ ಹೋಗುತ್ತದೆ.

ಕಳಿಸುವುದು ಒಟ್ಟು ಮೊತ್ತ ಅಲ್ಲ, ಏನು ನಡೆಯಿತೋ ಅದನ್ನು. ಒಬ್ಬರ ಮುಂಗಡ 1000 ರೂಪಾಯಿ ಇದೆ ಅಂದುಕೊಳ್ಳಿ. ತೋಟದಲ್ಲಿ ಅಣ್ಣ 500 ಕೊಟ್ಟ, ಮನೆಯಲ್ಲಿ ಅಪ್ಪ 300 ಕೊಟ್ಟರು. ‘ಈಗ 1500’, ‘ಈಗ 1300’ ಎಂದು ಕಳಿಸಿದರೆ ಆಮೇಲೆ ಬಂದದ್ದು ಮೊದಲು ಬಂದದ್ದನ್ನು ಅಳಿಸಿಬಿಡುತ್ತದೆ. ‘500 ಸೇರಿಸು’, ‘300 ಸೇರಿಸು’ ಎಂದರೆ ಯಾವುದು ಮೊದಲು ಬಂದರೂ 1800 ಅಲ್ವಾ? ದುಡಿದವರ ದುಡ್ಡಿನ ಲೆಕ್ಕ ಇದು. ಒಂದು ರೂಪಾಯಿಯೂ ಆಚೀಚೆ ಆಗಬಾರದು.

ಪ್ರತಿ ನಮೂದಿಗೂ ಫೋನೇ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಬಾರದಂಥ ಗುರುತು) ಕೊಡುತ್ತದೆ. ಸರ್ವರ್‌ನ ಉತ್ತರ ದಾರಿಯಲ್ಲಿ ಕಳೆದುಹೋದರೆ ಫೋನು ಮತ್ತೆ ಕಳಿಸುತ್ತದೆ. ಅದೇ ಐಡಿ ಇದ್ದರೆ ಸರ್ವರ್ ಎರಡನೇ ಸಲ ಸೇರಿಸುವುದಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಸರ್ವರ್ ಪ್ರತಿ ನಮೂದಿಗೂ ಕೊಡುವ ಕ್ರಮಸಂಖ್ಯೆ. ಬೇರೆ ಫೋನುಗಳಿಂದ ಬಂದದ್ದನ್ನು ತರಲು ಫೋನು ‘57ರ ನಂತರದ್ದು ಕೊಡು’ ಎಂದು ಸರ್ವರನ್ನು ಕೇಳುತ್ತದೆ. ಸರ್ವರ್‌ನ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರ ಸೀಕ್ವೆನ್ಸ್ (ತಾನೇ ಏರುವ ಎಣಿಕೆ) ನಂಬರ್ ಕೊಡುವುದು ನಮೂದು ಇನ್ಸರ್ಟ್ ಆಗುವಾಗ, ಕಮಿಟ್ ಆಗುವಾಗ, ಅಂದರೆ ನಮೂದು ಖಾಯಂ ಆಗಿ ಎಲ್ಲರಿಗೂ ಕಾಣುವಾಗ ಅಲ್ಲ. ಎರಡು ಟರ್ಮಿನಲ್ ತೆರೆದು ನೋಡಿದೆ. ಒಂದರಲ್ಲಿ 58 ಸೇರಿಸಿ ಕಮಿಟ್ ಮಾಡದೆ ಬಿಟ್ಟೆ. ಇನ್ನೊಂದರಲ್ಲಿ 59 ಸೇರಿಸಿ ಕಮಿಟ್ ಮಾಡಿದೆ. ಆಗ ಕೇಳಿದ ಫೋನಿಗೆ 59 ಮಾತ್ರ ಸಿಕ್ಕಿತು. ಮುಂದಿನ ಸಲ ಅದು ಕೇಳುವುದು 59ರ ನಂತರದ್ದು. 58 ಆ ಫೋನಿಗೆ ಯಾವತ್ತೂ ಬರುವುದಿಲ್ಲ, ಎರರ್ ಕೂಡ ತೋರಿಸುವುದಿಲ್ಲ.

ಹಾಗಾಗಿ ಸೀಕ್ವೆನ್ಸ್ ಬಿಟ್ಟೆ. ಈಗ ಪ್ರತಿ ತೋಟಕ್ಕೂ ಟೇಬಲ್‌ನಲ್ಲಿ ಒಂದು ಕೌಂಟರ್ ಸಾಲು ಇದೆ. ನಮೂದು ಸೇರಿಸುವ ಟ್ರಾನ್ಸಾಕ್ಷನ್ನೇ (ಕಮಿಟ್‌ನಲ್ಲಿ ಒಟ್ಟಿಗೆ ಮುಗಿಯುವ ಕೆಲಸ) ಅದನ್ನು ಒಂದು ಹೆಚ್ಚಿಸುತ್ತದೆ. ಕಮಿಟ್ ಆಗುವವರೆಗೆ ಆ ಸಾಲು ಲಾಕ್ ಆಗಿರುವುದರಿಂದ 58 ಮುಗಿಯದೆ 59 ಹುಟ್ಟುವುದೇ ಇಲ್ಲ. ಕಾಯಬೇಕಾದವರು ಒಂದೇ ತೋಟದವರು ಮಾತ್ರ, ಅದು ಗೊತ್ತೇ ಆಗುವುದಿಲ್ಲ.

ಹೆಸರು ತಿದ್ದುವಂಥದ್ದಕ್ಕೆ ‘ಸೇರಿಸು’ ನಡೆಯುವುದಿಲ್ಲ. ಫೋನಿನ ಗಡಿಯಾರವನ್ನೂ ನಂಬುವ ಹಾಗಿಲ್ಲ. ಅಲ್ಲಿ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಹೇಳಿದ ಲಾಜಿಕಲ್ ಗಡಿಯಾರ ಹಾಕಿದ್ದೇನೆ: ಗಂಟೆ ನಿಮಿಷದ ಬದಲು ತಿದ್ದಿದಾಗೆಲ್ಲ ಏರುವ ಒಂದು ಸಂಖ್ಯೆ, ದೊಡ್ಡ ಸಂಖ್ಯೆಯ ತಿದ್ದುಪಡಿ ಉಳಿಯುತ್ತದೆ. ಎರಡು ತಿದ್ದುಪಡಿಗಳ ಸಂಖ್ಯೆ ಒಂದೇ ಆದರೆ ಫೋನಿನ ಐಡಿ ನೋಡಿ ತೀರ್ಮಾನ.

ಐಫೋನ್ ಇರುವವರ ಚಿಂತೆ ಇನ್ನೂ ಉಳಿದಿದೆ. ಹೋಮ್ ಸ್ಕ್ರೀನ್‌ಗೆ ಸೇರಿಸದ ಸೈಟನ್ನು, ಸಫಾರಿ ಬಳಸಿದ 7 ದಿನಗಳಲ್ಲಿ ಒಮ್ಮೆಯೂ ಮುಟ್ಟದಿದ್ದರೆ, ಸಫಾರಿ ಅದರ ಇಂಡೆಕ್ಸೆಡ್‌ಡಿಬಿಯನ್ನು ಅಳಿಸುತ್ತದೆ. ಸರ್ವರ್‌ಗೆ ಹೋಗದ ನಮೂದುಗಳೂ ಹೋಗುತ್ತವೆ. ‘ಇಷ್ಟು ನಮೂದು ಇನ್ನೂ ಕಳಿಸಿಲ್ಲ’ ಎಂದು ಮೇಲೆಯೇ ದೊಡ್ಡದಾಗಿ ತೋರಿಸುವ ಪಟ್ಟಿ ಮುಂದಿನ ಕೆಲಸ.