ಕೆಂಪು ಕಮರಿಗೆ ಕುದುರೆ ಮೇಲೆ ಇಳಿಯುವ ಮುನ್ನ

ಅಮೆರಿಕದ ಯೂಟಾ, ಅರಿಜೋನಾದ ಕಮರಿಗಳಲ್ಲಿ ಕುದುರೆ ಸವಾರಿ ಅಂದರೆ ಬಯಲಲ್ಲಿ ನಾಗಾಲೋಟ ಅಂದುಕೊಂಡು ಹೋದವರಿಗೆ ನಿರಾಸೆ ಖಚಿತ. ಇಲ್ಲಿ ಎಲ್ಲವೂ ನಡಿಗೆಯ ವೇಗದಲ್ಲೇ, ಒಂದರ ಹಿಂದೊಂದು ಸಾಲಾಗಿ. ಕಷ್ಟವಿರುವುದು ಇಳಿಜಾರಿನಲ್ಲಿ. ಅದಕ್ಕೆ ತಯಾರಾದರೆ ಮಿಕ್ಕಿದ್ದು ತಾನಾಗಿ ಆಗುತ್ತದೆ.

ಮೊದಲ ಸಲಕ್ಕೆ ಯೂಟಾದ ಬ್ರೈಸ್ ಕ್ಯಾನ್ಯನ್ನೇ ಸರಿ. ಅಂಚು ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕಲ್ಲಿನ ಕಂಬಗಳ ನಡುವೆ ಇಳಿಯುವ ಎರಡು ಗಂಟೆಯ ಸವಾರಿಯೂ ಇದೆ, ಪೀಕಬೂ ಲೂಪ್ ಸುತ್ತಿ ಬರುವ ಮೂರು ಗಂಟೆಯದ್ದೂ ಇದೆ. ಮಂಡಿ ನೋವಿಲ್ಲದವರು ಮೂರು ಗಂಟೆಯದ್ದನ್ನೇ ತೆಗೆದುಕೊಳ್ಳಿ, ನೋಡಬೇಕಾದ ಜಾಗಗಳೆಲ್ಲ ಆ ಸುತ್ತಿನಲ್ಲಿವೆ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನಿಂದ ತಳದ ಫ್ಯಾಂಟಮ್ ರ‍್ಯಾಂಚ್‌ಗೆ ಹೇಸರಗತ್ತೆ ಮೇಲೆ ಇಳಿಯುವುದು ಬೇರೆಯೇ ಲೆಕ್ಕ: ಇಳಿಯಲು ಐದಾರು ಗಂಟೆ, ರಾತ್ರಿ ತಳದಲ್ಲೇ ತಂಗಿ ಮರುದಿನ ಹತ್ತಬೇಕು. ಜಾಗ ಸಿಗುವುದು ಒಂದು ವರ್ಷಕ್ಕೂ ಮೊದಲೇ ನಡೆಯುವ ಲಾಟರಿಯಲ್ಲಿ.

ತೂಕದ ಮಿತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರೈಸ್‌ನಲ್ಲಿ ಅದು ಸುಮಾರು 100 ಕೆಜಿ, ಫ್ಯಾಂಟಮ್ ರ‍್ಯಾಂಚ್‌ಗೆ ಸುಮಾರು 90 ಕೆಜಿ, ಅದೂ ಬಟ್ಟೆ ಬೂಟಿನ ಸಮೇತ. ಕಾರಣ ಸರಳ. ಕುದುರೆ ತನ್ನ ತೂಕದ ಐದನೇ ಒಂದು ಭಾಗದಷ್ಟನ್ನು ಆರಾಮಾಗಿ ಹೊರುತ್ತದೆ ಅನ್ನುವುದು ರೂಢಿಯ ಲೆಕ್ಕ. 500 ಕೆಜಿ ಕುದುರೆಗೆ 100 ಕೆಜಿ ಅಂದುಕೊಂಡರೂ ಅದರಲ್ಲಿ ಹದಿನೈದು ಕೆಜಿ ಜೀನಿಗೇ ಹೋಗುತ್ತದೆ.

ಹತ್ತಿದ ಮೇಲೆ ಮೊದಲು ನೋಡಬೇಕಾದ್ದು ಹೊಟ್ಟೆಯಡಿ ಜೀನನ್ನು ಬಿಗಿಯುವ ಪಟ್ಟಿ. ಬಿಗಿಯುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತವೆ. ಹತ್ತು ಹದಿನೈದು ನಿಮಿಷ ನಡೆದ ಮೇಲೆ ಉಸಿರು ಬಿಡುತ್ತವೆ, ಪಟ್ಟಿ ಸಡಿಲವಾಗುತ್ತದೆ. ಒಳ್ಳೆಯ ಗೈಡ್ ಆಗ ಸಾಲನ್ನು ನಿಲ್ಲಿಸಿ ಒಂದೊಂದೇ ಕುದುರೆಯ ಪಟ್ಟಿ ಮತ್ತೆ ಬಿಗಿಯುತ್ತಾನೆ. ನಿಲ್ಲಿಸದಿದ್ದರೆ ಸಂಕೋಚ ಬಿಟ್ಟು ಕೇಳಿ. ಪಟ್ಟಿ ಸಡಿಲವಿದ್ದರೆ ಇಳಿಜಾರಿನಲ್ಲಿ ಜೀನು ಕುದುರೆಯ ಹೆಗಲಿನತ್ತ ಜಾರುತ್ತದೆ. ನೀವು ಫೋಟೋಗೆಂದು ಒಂದು ಪಕ್ಕಕ್ಕೆ ವಾಲಿದರೆ ಜೀನೂ ನಿಮ್ಮ ಜೊತೆಗೇ ತಿರುಗುತ್ತದೆ. ಚೀಲದ ತೂಕವೂ ಎರಡೂ ಕಡೆ ಸಮ ಇರಲಿ: ಒಂದೇ ಕಡೆ ಎರಡು ಲೀಟರ್ ನೀರು ತೂಗುಹಾಕಿದರೆ ಗಂಟೆಯೊಳಗೆ ಜೀನು ಸೊಟ್ಟಗಾಗಿ ಕುದುರೆಯ ಬೆನ್ನು ಉಜ್ಜಲು ಶುರುವಾಗುತ್ತದೆ.

ಆಮೇಲೆ ರಿಕಾಪು, ಅಂದರೆ ಜೀನಿನಿಂದ ತೂಗುವ, ಪಾದ ಇಡುವ ಬಳೆ. ಅದರ ಮೇಲೆ ಎದ್ದು ನಿಂತಾಗ ಜೀನಿಗೂ ನಿಮಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಇರಬೇಕು. ಗಿಡ್ಡವಾದರೆ ಗಂಟೆಯೊಳಗೆ ಮಂಡಿ ಹಿಡಿದುಕೊಳ್ಳುತ್ತದೆ, ಉದ್ದವಾದರೆ ತೊಡೆಯ ಒಳಭಾಗ ಕಿತ್ತುಬರುತ್ತದೆ. ಪಾದದ ಮುಂಭಾಗ ಮಾತ್ರ ರಿಕಾಪಿನಲ್ಲಿ, ಹಿಮ್ಮಡಿ ಕೆಳಕ್ಕೆ. ಪಾದ ಪೂರ್ತಿ ಒಳಗೆ ತೂರಿಕೊಂಡರೆ ಬಿದ್ದಾಗ ಕುದುರೆ ಎಳೆದುಕೊಂಡು ಹೋಗುವ ಅಪಾಯವಿದೆ. ಎರಡು ಮೂರು ಸೆಂಟಿಮೀಟರ್ ಹಿಮ್ಮಡಿ ಇರುವ ಬೂಟು ಹಾಕಿಕೊಳ್ಳಿ ಅನ್ನುವುದು ಇದಕ್ಕೇ. ಅಗಲ ಮೂತಿಯ, ದಪ್ಪ ಹಲ್ಲಿನ ಅಟ್ಟೆಯ ಟ್ರೆಕ್ಕಿಂಗ್ ಶೂ ರಿಕಾಪಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಇಳಿಯುವಾಗ ಭಯದಿಂದ ಎಲ್ಲರೂ ಹಿಂದಕ್ಕೆ ಮಲಗಿಬಿಡುತ್ತಾರೆ. ಕುದುರೆ ಇಳಿಜಾರಿನಲ್ಲಿ ತಡೆ ಹಾಕುವುದು ಹಿಂಗಾಲಿನಿಂದ. ನಿಮ್ಮ ಭಾರವನ್ನೆಲ್ಲ ಅಲ್ಲಿಗೇ ಹಾಕಿದರೆ ಅದಕ್ಕೇ ಕಷ್ಟ. ನೆಟ್ಟಗೆ ಕೂತರೆ ಸಾಕು. ಹತ್ತುವಾಗ ಸ್ವಲ್ಪ ಮುಂದಕ್ಕೆ ಬಾಗಿ, ಬೇಕಿದ್ದರೆ ಜೀನಿನ ಮುಂಭಾಗದ ಕೊಂಬನ್ನೋ ಕುತ್ತಿಗೆಯ ಕೂದಲನ್ನೋ ಹಿಡಿಯಿರಿ. ಲಗಾಮು ಮಾತ್ರ ಎಳೆಯಬೇಡಿ: ಕುದುರೆ ತಲೆ ಆಡಿಸಿಯೇ ಸಮತೋಲ ಕಾಯ್ದುಕೊಳ್ಳುವುದು. ಹೇಸರಗತ್ತೆ ದಾರಿಯ ಹೊರ ಅಂಚಿನಲ್ಲೇ ನಡೆಯುತ್ತದೆ, ನಿಮ್ಮ ಕಾಲು ಪ್ರಪಾತದ ಮೇಲೆ ತೂಗುತ್ತಿರುತ್ತದೆ. ಅದನ್ನು ಒಳಕ್ಕೆ ಎಳೆಯಲು ಹೋಗಬೇಡಿ. ಕಾಲಿಡುವ ವಿಷಯದಲ್ಲಿ ಅದರ ಲೆಕ್ಕಾಚಾರ ನಮ್ಮದಕ್ಕಿಂತ ಮೇಲು. ಮುಂದಿನ ಕುದುರೆಗೆ ಒಂದು ಕುದುರೆಯಷ್ಟು ಅಂತರ ಬಿಡಿ, ತೀರ ಹತ್ತಿರ ಹೋದರೆ ಒದೆ ಬೀಳುತ್ತದೆ.

ಬೋಳು ಮರಳುಗಲ್ಲಿನ ಮೇಲೆ ಕಬ್ಬಿಣದ ಲಾಳ ಜಾರುತ್ತದೆ. ಹಲವು ದಿನದ ಸವಾರಿಗಳಲ್ಲಿ ಅಂಥ ಕಡೆ ಇಳಿದು ನಡೆಸಿಕೊಂಡು ಹೋಗಲು ಹೇಳುತ್ತಾರೆ. ಕುದುರೆಯ ಎಡಗಡೆ ನಡೆಯಿರಿ, ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ.

ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆ, ಅದರ ಬೆನ್ನಿಗೇ ದಿಢೀರ್ ಪ್ರವಾಹ. 1997ರ ಆಗಸ್ಟ್ 12ರಂದು ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಕೊಚ್ಚಿಹೋದರು. ಮಳೆ ಸುರಿದದ್ದು ಅಲ್ಲಲ್ಲ, ನೀರು ಹರಿದುಬರುವ ದಿಕ್ಕಿನಲ್ಲಿ ಮೈಲುಗಟ್ಟಲೆ ದೂರದಲ್ಲಿ. ತಲೆ ಮೇಲೆ ನೀಲಿ ಆಕಾಶವಿದ್ದರೂ ಗೈಡ್ ಬೇಡ ಅಂದರೆ ವಾದ ಮಾಡಬೇಡಿ.

ಒಂದು ಕುದುರೆ ದಿನಕ್ಕೆ 30-40 ಲೀಟರ್ ನೀರು ಕುಡಿಯುತ್ತದೆ, ಬಿಸಿಲಿಗೆ ಇನ್ನೂ ಹೆಚ್ಚು. ಹಾಗಾಗಿ ಹಲವು ದಿನದ ಸವಾರಿಯ ದಾರಿಯನ್ನು ನಿರ್ಧರಿಸುವುದು ನೋಟವಲ್ಲ, ನೀರಿನ ಸೆಲೆ. ನಿಮಗೆ ಮೂರು ನಾಲ್ಕು ಲೀಟರ್ ಬೇಕು.

ಬಟ್ಟೆಯ ವಿಷಯಕ್ಕೆ ಬಂದರೆ, ದುಪಟ್ಟಾ ಬೇಡ, ಹಾರಾಡುವ ಯಾವುದೂ ಬೇಡ. ಟೋಪಿಗೆ ಗಲ್ಲದ ದಾರ ಇರಲೇಬೇಕು. ಹಾರಿಹೋದ ಟೋಪಿ, ಕುದುರೆ ಮೇಲೆ ಕೂತು ಬಿಚ್ಚಿದ ಪ್ಲಾಸ್ಟಿಕ್ ರೈನ್‌ಕೋಟಿನ ಸರಪರ ಸದ್ದು, ಕುದುರೆ ಬೆಚ್ಚಿಬೀಳಲು ಇಷ್ಟು ಸಾಕು. ಊರಿಂದ ಬಂದ ಅಪ್ಪ ಅಮ್ಮನನ್ನು ಹತ್ತಿಸುವುದಾದರೆ ಸೊಂಟ, ಮಂಡಿ ಹೇಗಿದೆ ಅಂತ ಮೊದಲೇ ಕೇಳಿ. ನಡುದಾರಿಯಲ್ಲಿ ಇಳಿದುಬಿಡೋಣ ಅನ್ನುವ ಹಾಗಿಲ್ಲ. ಸಸ್ಯಾಹಾರಿಗಳು ಕ್ಯಾಂಪಿನ ಬೀನ್ಸ್ ಬಗ್ಗೆ ವಿಚಾರಿಸಿಯೇ ತಿನ್ನಬೇಕು, ಅದರಲ್ಲಿ ಎಷ್ಟೋ ಸಲ ಬೇಕನ್ (ಹಂದಿ ಮಾಂಸ) ಇರುತ್ತದೆ.

ಮಾನ್ಯುಮೆಂಟ್ ವ್ಯಾಲಿ ನವಾಹೋ ಜನರ ನೆಲ, ಅಲ್ಲಿ ಸವಾರಿ ಅವರ ಗೈಡ್‌ಗಳ ಜೊತೆಗೇ. ಮಾರ್ಚ್‌ನಿಂದ ನವೆಂಬರ್‌ವರೆಗೆ ನವಾಹೋ ನಾಡಿನ ಗಡಿಯಾರ ಅರಿಜೋನಾದ ಮಿಕ್ಕ ಭಾಗಕ್ಕಿಂತ ಒಂದು ಗಂಟೆ ಮುಂದೆ ಓಡುತ್ತದೆ. ಪೇಜ್ ಊರಿನಿಂದ ಬೆಳಗಿನ ಸವಾರಿಗೆ ಹೊರಡುವವರು ಫೋನಿನ ಸಮಯ ನಂಬದೆ, ಬುಕಿಂಗ್ ಮಾಡುವಾಗಲೇ ಯಾವ ಸಮಯ ಅಂತ ಕೇಳಿ ಬರೆದಿಟ್ಟುಕೊಳ್ಳಿ.