ಮುಕ್ಕಾಲು ಟ್ಯೂಬ್ ಉಳಿದಿತ್ತು

ಹನ್ನೆರಡು ವರ್ಷದ ಮಗನನ್ನು ಕರ್ಕೊಂಡು ಆ ತಾಯಿ ಮೂರನೇ ಸಲ ಬಂದಿದ್ದರು. ಕೈಯಲ್ಲಿ ಕಜ್ಜಿ ಹುಳ ಸಾಯಿಸಲು ಬರೆದುಕೊಟ್ಟಿದ್ದ ಪರ್ಮೆಥ್ರಿನ್ ಕ್ರೀಮ್. "ಇದು ಕೆಲಸ ಮಾಡಲ್ಲ ಸಿಸ್ಟರ್, ಬೇರೆ ಬರೆಸಿಕೊಡಿ" ಅಂದರು. ಟ್ಯೂಬ್ ಕೈಗೆ ತಗೊಂಡು ಒತ್ತಿ ನೋಡಿದೆ. ಎರಡು ಸಲ ಹಚ್ಚಿದ ಮೇಲೂ ಮುಕ್ಕಾಲು ಭಾಗ ಹಾಗೇ ಇದೆ! ದೊಡ್ಡವರಿಗಾದರೆ ಒಂದು ಸಲಕ್ಕೇ ಸುಮಾರು 30 ಗ್ರಾಂ ಬೇಕಾಗುತ್ತದೆ. ಇವರು ತುರಿಸುವ ಜಾಗಕ್ಕೆ ಮಾತ್ರ ಚುಕ್ಕಿ ಚುಕ್ಕಿ ಇಟ್ಟಿದ್ದಾರೆ. ಇಷ್ಟು ಮಾತಾಡುವಾಗ ಅವರೂ ಸುಮ್ನೆ ಮಣಿಕಟ್ಟು ಕೆರೆದುಕೊಳ್ಳುತ್ತಿದ್ದರು.

ತಪ್ಪು ಅವರದ್ದಲ್ಲ. ಹಿಂದಿನ ಸಲ ಹೇಳಿ ಕಳಿಸಿದ್ದು ನಾನೇ. "ಮೈಗೆಲ್ಲ ಹಚ್ಚಿ" ಅಂದಿದ್ದೆ, ಅಷ್ಟೇ, ಸಾಲು ಉದ್ದ ಇತ್ತು. ಮೈಯೆಲ್ಲ ಅಂದರೆ ಜನರಿಗೆ ಕಜ್ಜಿ ಇರುವ ಕಡೆಯೆಲ್ಲ ಅಂತ ಅರ್ಥವಾಗುತ್ತದೆ ಅನ್ನೋದು ನನಗೆ ಅವತ್ತೇ ಹೊಳೆದಿದ್ದು.

ಈಗ ಕುರ್ಚಿ ಹಾಕಿ ಕೂರಿಸಿ ತೋರಿಸುತ್ತೇನೆ. ಕತ್ತಿನಿಂದ ಅಂಗಾಲಿನವರೆಗೆ, ಒಂದು ಇಂಚೂ ಬಿಡದೆ. ಬೆರಳ ಸಂದಿ, ಕಂಕುಳು, ಹೊಕ್ಕಳು, ತೊಡೆಸಂದಿ, ಉಗುರಿನ ಅಡಿ. ತೀರಾ ಚಿಕ್ಕ ಮಕ್ಕಳಿಗೆ ತಲೆ, ಮುಖಕ್ಕೂ ಹಚ್ಚಬೇಕು, ಕಣ್ಣು ಬಾಯಿ ಸುತ್ತ ಮಾತ್ರ ಬಿಟ್ಟು. ರಾತ್ರಿ ಹಚ್ಚಿ 8ರಿಂದ 14 ಗಂಟೆ ಬಿಟ್ಟು ಸ್ನಾನ. ಮಧ್ಯೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು, ಇದನ್ನು ಯಾರೂ ಮಾಡಲ್ಲ, ಹುಳಕ್ಕೆ ಇಷ್ಟದ ಜಾಗವೇ ಬೆರಳ ಸಂದಿ! ಒಂದು ವಾರ ಬಿಟ್ಟು ಇನ್ನೊಂದು ಸಲ.

ಆಮೇಲೆ ಬಂತು ಅಜ್ಜಿ ಸಮಸ್ಯೆ. ಮನೆಯಲ್ಲಿ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಿ ಅಂದರೆ, "ಅತ್ತೆ ಒಪ್ಪಲ್ಲ ಸಿಸ್ಟರ್, ನನಗೆ ತುರಿಕೆನೇ ಇಲ್ಲ ಅಂತಾರೆ" ಅಂದರು. ಸರಿನೇ, ಇರಲಿಕ್ಕಿಲ್ಲ. ಮೊದಲ ಸಲ ಹುಳ ಹತ್ತಿದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಆಗುತ್ತದೆ. ಅರ್ಧ ಮಿಲಿಮೀಟರೂ ಇಲ್ಲದ ಹೆಣ್ಣು ಹುಳ ಚರ್ಮದೊಳಗೆ ಸುರಂಗ ಕೊರೆದುಕೊಂಡು ದಿನಕ್ಕೆ ಎರಡೋ ಮೂರೋ ಮೊಟ್ಟೆ ಇಡುತ್ತಾ ಹೋಗುತ್ತದೆ, ಅಜ್ಜಿಗೆ ಸುದ್ದಿಯೇ ಇರಲ್ಲ. ಮೊಮ್ಮಗ ರಾತ್ರಿ ಅವರ ಪಕ್ಕದಲ್ಲೇ ಮಲಗೋದು. ಅಲ್ಲಿಂದ ಅವನಿಗೆ ವಾಪಸ್.

ಬಟ್ಟೆ, ಹೊದಿಕೆ, ದಿಂಬಿನ ಕವರ್ ಬಿಸಿ ನೀರಿನಲ್ಲಿ ಒಗೆಯಬೇಕು. ಒಗೆಯಲು ಆಗದ್ದನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಬಾಯಿ ಕಟ್ಟಿ ಒಂದು ವಾರ ಮೂಲೆಗಿಟ್ಟರೆ ಸಾಕು. ಮೈಯಿಂದ ದೂರವಾದ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕಲ್ಲ.

ಹುಳುಕಡ್ಡಿ ಬಗ್ಗೆ ಒಂದೇ ಮಾತು ಹೇಳಿ ಮುಗಿಸುತ್ತೇನೆ: ಅದು ಫಂಗಸ್, ಹುಳ ಅಲ್ಲ, ಅದಕ್ಕೆ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಸೇರಿರುವ ಕ್ರೀಮ್ ಹಚ್ಚಬೇಡಿ. ಎರಡು ದಿನದಲ್ಲಿ ಕೆಂಪು ಇಳಿದು ವಾಸಿಯಾದ ಹಾಗೆ ಕಾಣುತ್ತದೆ, ಒಳಗೆ ಹರಡುತ್ತಲೇ ಇರುತ್ತದೆ. ಮಕ್ಕಳ ಮೂಗು ಬಾಯಿ ಸುತ್ತ ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದಲ್ಲ, ಅದು ಇಂಪೆಟಿಗೊ, ಚರ್ಮಕ್ಕೆ ಬರುವ ಬ್ಯಾಕ್ಟೀರಿಯಾ ಸೋಂಕು. ಹಕ್ಕಳೆ ಮೇಲೆಯೇ ಮುಲಾಮು ಬಳಿದರೆ ವೇಸ್ಟ್. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಇಟ್ಟು, ಮೆತ್ತಗಾದ ಮೇಲೆ ಮೆಲ್ಲಗೆ ಒರೆಸಿ ತೆಗೆದು ಆಮೇಲೆ ಹಚ್ಚಿ. ಕೆಲವು ವಾರ ಮೂತ್ರದ ಬಣ್ಣದ ಮೇಲೆ ಕಣ್ಣಿಡಿ. ಕಂದು ಬಣ್ಣಕ್ಕೆ ತಿರುಗಿದರೆ, ಮುಖ ಊದಿದರೆ, ಕಿಡ್ನಿಗೆ ತೊಂದರೆಯಾಗಿರಬಹುದು, ತಡಮಾಡಬೇಡಿ.

ಕಣ್ಣು ಬೇನೆ ವಿಷಯಕ್ಕೆ ಬಂದರೆ ನನಗೇ ನಾಚಿಕೆ. ದಿನವಿಡೀ ಬೇರೆಯವರಿಗೆ ಕೈ ತೊಳೆಯಿರಿ ಅಂತ ಹೇಳುವ ನಾನೇ ಒಮ್ಮೆ ಹಚ್ಚಿಸಿಕೊಂಡೆ. ಗ್ಲೌಸ್ ಹಾಕಿದ ಕೈಯಲ್ಲೇ ಜಾರುವ ಕನ್ನಡಕ ಮೇಲಕ್ಕೆ ತಳ್ಳಿರಬೇಕು. ಬೆಳಿಗ್ಗೆ ಎದ್ದರೆ ಗೀಜು ಕಟ್ಟಿ ರೆಪ್ಪೆ ಅಂಟಿತ್ತು. ನೋಡಿದರೆ ಹರಡುತ್ತೆ ಅಂತ ಮನೆಯವರೆಲ್ಲ ಮುಖ ತಿರುಗಿಸಿಕೊಂಡು ಓಡಾಡಿದರು, ಆದರೆ ನನ್ನ ಟವೆಲಿನಲ್ಲೇ ಒಬ್ಬರು ಮುಖ ಒರೆಸಿಕೊಂಡರು! ನೋಡಿದರೆ ಬರಲ್ಲ. ಟವೆಲ್, ದಿಂಬು, ಕೈ, ಇವುಗಳಿಂದ ಬರುತ್ತದೆ. ಇದಕ್ಕೆ ಜಾಸ್ತಿ ಕಾರಣವಾಗುವ ಅಡಿನೊವೈರಸ್ ಒಣಗಿದ ಮೇಜು, ಬಾಗಿಲ ಹಿಡಿಯ ಮೇಲೂ ದಿನಗಟ್ಟಲೆ ಇರಬಲ್ಲದು. ಸ್ಯಾನಿಟೈಸರ್ ನಂಬಬೇಡಿ, ಸೋಪು ನೀರೇ ವಾಸಿ. ಆಂಟಿಬಯೋಟಿಕ್ ಡ್ರಾಪ್ಸ್‌ಗೂ ವೈರಸ್ ಬಗ್ಗಲ್ಲ, ಒಂದೆರಡು ವಾರಕ್ಕೆ ತಾನಾಗೇ ಹೋಗುತ್ತದೆ.

ಗೀಜು ತೆಗೆಯಲು ಕುದಿಸಿ ಆರಿಸಿದ ನೀರು, ಹತ್ತಿ. ಮೂಗಿನ ಕಡೆಯ ಮೂಲೆಯಿಂದ ಹೊರಗೆ ಒಂದೇ ಎಳೆತ, ಆ ಹತ್ತಿ ಕಸಕ್ಕೆ. ಇನ್ನೊಂದು ಎಳೆತಕ್ಕೆ ಇನ್ನೊಂದು ತುಂಡು. ಒಂದೇ ಕಣ್ಣಿಗೆ ಬಂದಿದ್ದರೆ ಮೊದಲು ಚೆನ್ನಾಗಿರುವ ಕಣ್ಣು ಒರೆಸಿ. ಡ್ರಾಪ್ಸ್ ಬರೆದಿದ್ದರೆ ಕೆಳಗಿನ ರೆಪ್ಪೆ ಎಳೆದು ಆ ಚೀಲದೊಳಗೆ ಒಂದೇ ಹನಿ, ಬಾಟಲಿ ಮೂತಿ ರೆಪ್ಪೆಗೆ ತಾಗಬಾರದು. ಒಂದು ಬಾಟಲಿಯಲ್ಲಿ ಮನೆಮಂದಿಗೆಲ್ಲ ಹಾಕುವುದು ಇನ್ನೂ ನಡೀತಿದೆ, ಏನು ಹೇಳೋದು.

ನೋವು ಜೋರಾಗಿದ್ದರೆ, ಬೆಳಕು ನೋಡಲು ಆಗದಿದ್ದರೆ, ದೃಷ್ಟಿ ಮಂಜಾದರೆ, ಲೆನ್ಸ್ ಹಾಕುವವರಾದರೆ ಮನೆಯಲ್ಲಿ ಕೂರಬೇಡಿ. ಹುಟ್ಟಿ ತಿಂಗಳೂ ಆಗದ ಕೂಸಿನ ಕಣ್ಣು ಊದಿ ಕೀವು ಬಂದರಂತೂ ಅವತ್ತೇ ಡಾಕ್ಟರಿಗೆ ತೋರಿಸಿ, ಹೆರಿಗೆಯಲ್ಲಿ ತಾಯಿಯಿಂದ ತಗಲುವ ಗೊನೊರಿಯಾ ಸೋಂಕಾಗಿದ್ದರೆ ಕಣ್ಣೇ ಹೋಗಬಹುದು.

ಆ ತಾಯಿ ನಾಲ್ಕನೇ ಸಲವೂ ಬಂದರು, ಎರಡು ವಾರ ಬಿಟ್ಟು. "ಇನ್ನೂ ಸ್ವಲ್ಪ ತುರಿಸ್ತಾನೆ" ಅಂದರು. ಹುಳ ಸತ್ತರೂ ತುರಿಕೆ ಎರಡರಿಂದ ನಾಲ್ಕು ವಾರ ಇರುತ್ತೆ, ಮತ್ತೆ ಮತ್ತೆ ಕ್ರೀಮ್ ಬಳಿಯಬೇಡಿ ಅಂದೆ. ಬೆರಳ ಸಂದಿ ನೋಡಿದೆ, ಹೊಸ ಗುಳ್ಳೆ ಇರಲಿಲ್ಲ. ಅಜ್ಜಿ ಹಚ್ಚಿಕೊಂಡರಾ ಅಂತ ಕೇಳಿದೆ. ಹುಡುಗನೇ ನಕ್ಕ, "ನಾನೇ ಹಚ್ಚಿದೆ, ಬೆನ್ನಿಗೂ."